ಹ್ಯಾಂಪ್ಟನ್ ಶಾಲೆಯ ಅರ್ಧ ಗಂಟೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ಶಿಕ್ಷಣ ಮಾಧ್ಯಮವನ್ನು ಕುರಿತ ಉತ್ತರವೊಂದರಲ್ಲಿ, ಅಮೆರಿಕದ ಹ್ಯಾಂಪ್ಟನ್ ಎಂಬ ಪುಟ್ಟ ಊರಿನ ಶಾಲೆಯೊಂದರಲ್ಲಿ ಜರ್ಮನ್ ಪಾಠ ಓದಿಸಿದ್ದಕ್ಕೆ ಮೇಷ್ಟರೊಬ್ಬರಿಗೆ ದಂಡ ಬಿದ್ದು, ಅದು ಆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋದ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೇಳಿದ್ದೆ. ಆ ವಾಕ್ಯವನ್ನು ಹಿಡಿದು ಹಲವರು ಪತ್ರ ಬರೆದಿದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಶಾಲೆಗೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಹ್ಯಾಂಪ್ಟನ್ ಎಲ್ಲಿದೆ? ಹುಲ್ಲುಗಾವಲಿನ ನಡುವಿನ ಅಂಥ ಸಣ್ಣ ಊರುಗಳಿಗೆ ಶಾಲೆಗಳು ಬಂದದ್ದು ಹೇಗೆ? ಸರ್ಕಾರ ಕಟ್ಟಿಸಿಕೊಟ್ಟಿತೇ, ಊರವರೇ ಕಟ್ಟಿಕೊಂಡರೇ?
— ಗದಗದ ಓದುಗರೊಬ್ಬರು

ಉತ್ತರ: ಹ್ಯಾಂಪ್ಟನ್ ಇರುವುದು ಅಮೆರಿಕದ ನಡುಭಾಗದ ನೆಬ್ರಾಸ್ಕ ರಾಜ್ಯದಲ್ಲಿ, ರಾಜಧಾನಿ ಲಿಂಕನ್‌ಗೆ ಪಶ್ಚಿಮಕ್ಕಿರುವ ಹ್ಯಾಮಿಲ್ಟನ್ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ವಿಭಾಗ). ಅಲ್ಲಿ ಈಗಲೂ ಇರುವುದು ಕೆಲವೇ ನೂರು ಜನ. ಸುತ್ತಲಿನದು ಪ್ರೈರಿ ಎಂದು ಕರೆಯುವ ಬಯಲು. ಒಂದು ಕಾಲಕ್ಕೆ ಎತ್ತರದ ಹುಲ್ಲು ಬೆಳೆದು ನಿಂತಿರುತ್ತಿದ್ದ, ಈಗ ಮುಖ್ಯವಾಗಿ ಮೆಕ್ಕೆಜೋಳವನ್ನು ಬೆಳೆಯುವ ನೆಲ. ಮೂಲನಿವಾಸಿಗಳ ಕೈತಪ್ಪಿ ಹೋದ ಈ ಭೂಮಿಯನ್ನು, 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ, ಐದು ವರ್ಷ ಅಲ್ಲೇ ವಾಸವಿದ್ದು ಉತ್ತು ಬಿತ್ತಿದವರಿಗೆ 160 ಎಕರೆಯಂತೆ ಹೆಸರಿಗಷ್ಟೇ ಎನ್ನಬಹುದಾದ ಶುಲ್ಕಕ್ಕೆ ಕೊಡಲಾಯಿತು. ರೈಲು ಹಳಿಗಳು ಬಂದ ಮೇಲೆ ಜರ್ಮನರು, ಚೆಕ್ಕರು, ಸ್ವೀಡಿಷರು ಗುಂಪುಗುಂಪಾಗಿ ಬಂದು ನೆಲೆಸಿದರು.

ಶಾಲೆಯನ್ನು ಸರ್ಕಾರ ಕಟ್ಟಿತೇ, ಊರು ಕಟ್ಟಿತೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಎರಡರಲ್ಲೂ ಇದೆ. ಭೂಮಿಯನ್ನು ಅಳೆಯುವಾಗಲೇ ಪ್ರತಿ ಆರು ಮೈಲಿ ಚದರದ ಪ್ರದೇಶವನ್ನು ಒಂದು ಟೌನ್‌ಶಿಪ್ ಎಂದು ಗುರುತಿಸಿ, ಅದನ್ನು 640 ಎಕರೆಯ 36 ಭಾಗಗಳಾಗಿ ವಿಂಗಡಿಸುತ್ತಿದ್ದರು. ನೆಬ್ರಾಸ್ಕದಲ್ಲಿ ಆ ಪೈಕಿ 16ನೆಯ ಮತ್ತು 36ನೆಯ ಭಾಗಗಳು ಶಾಲೆಗಳಿಗೆ ಮೀಸಲು. ಶಾಲೆಯನ್ನು ಅಲ್ಲಿಯೇ ಕಟ್ಟಬೇಕೆಂದೇನೂ ಇರಲಿಲ್ಲ. ಆ ಜಮೀನನ್ನು ಗೇಣಿಗೆ ಕೊಟ್ಟೋ ಮಾರಿಯೋ ಬಂದ ಆದಾಯ ರಾಜ್ಯದ ಶಿಕ್ಷಣ ನಿಧಿಗೆ ಸೇರಬೇಕೆಂಬುದು ಏರ್ಪಾಡು. ನೆಬ್ರಾಸ್ಕ ಈ ಬಗೆಯ ಹತ್ತು ಲಕ್ಷ ಎಕರೆಗೂ ಹೆಚ್ಚು ಭೂಮಿಯನ್ನು ಮಾರದೆ ಇಂದಿಗೂ ಉಳಿಸಿಕೊಂಡಿದೆ. ಆದರೆ ಅಷ್ಟರಿಂದ ಶಾಲೆ ನಡೆಯುವಂತಿರಲಿಲ್ಲ. ನಾಲ್ಕಾರು ಮೈಲಿ ಸುತ್ತಳತೆಯ ರೈತ ಕುಟುಂಬಗಳು ಸೇರಿ ಒಂದು ಶಾಲಾ ಡಿಸ್ಟ್ರಿಕ್ಟ್ ರಚಿಸಿಕೊಂಡು, ತಮ್ಮೊಳಗೇ ಒಂದು ಮಂಡಳಿಯನ್ನು ಆರಿಸಿ, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು, ಕಟ್ಟಡವನ್ನೂ ಎಷ್ಟೋ ಕಡೆ ತಮ್ಮ ಕೈಯಾರೆ ಎಬ್ಬಿಸುತ್ತಿದ್ದವು. ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ನಮ್ಮ ಜಿಲ್ಲೆಯಷ್ಟು ದೊಡ್ಡದೆಂದು ಭಾವಿಸಬಾರದು. ಅನೇಕ ಡಿಸ್ಟ್ರಿಕ್ಟುಗಳಲ್ಲಿ ಇದ್ದದ್ದು ಒಂದೇ ಕೋಣೆಯ ಒಂದೇ ಶಾಲೆ.

ಮರ ಸಿಗದ ಆ ಬಯಲಿನಲ್ಲಿ ಮೊದಮೊದಲ ಶಾಲೆಗಳನ್ನು ಕಟ್ಟಿದ್ದು ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳಿಂದ. ಉತ್ತ ನೆಲದಿಂದ ಪಟ್ಟಿಪಟ್ಟಿಯಾಗಿ ಎತ್ತಿದ ಆ ಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಗೋಡೆ ಮಾಡುತ್ತಿದ್ದರು. ರೈಲಿನಲ್ಲಿ ಹಲಗೆ ಬರತೊಡಗಿದ ಮೇಲೆ ಬಿಳಿ ಬಣ್ಣದ ಮರದ ಶಾಲೆಗಳು ಎದ್ದವು. ಕೋಣೆಯ ನಡುವೆ ಒಂದು ಕಬ್ಬಿಣದ ಒಲೆ, ಅದಕ್ಕೆ ಕಾಳು ಬಿಡಿಸಿದ ಜೋಳದ ದಿಂಡುಗಳ ಉರುವಲು, ಒಂದರಿಂದ ಎಂಟರವರೆಗಿನ ತರಗತಿಗಳು ಒಟ್ಟಿಗೆ, ಪಾಠ ಹೇಳಲು ಹೆಚ್ಚಾಗಿ ಮದುವೆಯಾಗದ ಎಳೆಯ ವಯಸ್ಸಿನ ಶಿಕ್ಷಕಿ. 1888ರ ಜನವರಿ 12ರಂದು ಬೆಳಿಗ್ಗೆ ಹಿತವಾಗಿದ್ದ ಹವೆ ಶಾಲೆಯ ಹೊತ್ತಿನಲ್ಲಿ ಹಠಾತ್ತನೆ ಹಿಮಬಿರುಗಾಳಿಯಾಗಿ ತಿರುಗಿ, ಮನೆಗೆ ಹೊರಟ ಮಕ್ಕಳನೇಕರು ದಾರಿಯಲ್ಲೇ ಹೆಪ್ಪುಗಟ್ಟಿ ಸತ್ತರು. ನೆಬ್ರಾಸ್ಕದ ಶಾಲೆಗಳ ಚರಿತ್ರೆಯನ್ನು ಬರೆಯುವವರು ಈ ದಿನವನ್ನು ಬಿಟ್ಟು ಬರೆಯುವುದಿಲ್ಲ.

ನಮ್ಮ ಕಥೆಯ ಶಾಲೆ ಮಾತ್ರ ಈ ಸಾಲಿಗೆ ಸೇರಿದ್ದಲ್ಲ. ಜರ್ಮನ್ ಲೂಥರನ್ (ಮಾರ್ಟಿನ್ ಲೂಥರನನ್ನು ಅನುಸರಿಸುವ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥ) ಸಭೆಗಳು ಎಲ್ಲಿ ನೆಲೆಯೂರಿದವೋ ಅಲ್ಲಿ ಚರ್ಚಿನ ಜೊತೆಗೇ ತಮ್ಮ ಖರ್ಚಿನಲ್ಲಿ ಒಂದು ಶಾಲೆಯನ್ನೂ ನಡೆಸುತ್ತಿದ್ದವು. ಅವುಗಳಿಗೆ ಶಿಕ್ಷಕರನ್ನು ತಯಾರು ಮಾಡಲೆಂದು ಮಿಸೂರಿ ಸಿನಡ್ ಎಂಬ ಲೂಥರನ್ ಸಂಘಟನೆ 1894ರಲ್ಲಿ ನೆಬ್ರಾಸ್ಕದ ಸೆವರ್ಡ್ ಪಟ್ಟಣದಲ್ಲಿ ಒಂದು ಕಾಲೇಜನ್ನೇ ತೆರೆದಿತ್ತು. ಹ್ಯಾಂಪ್ಟನ್ ಬಳಿಯ ಜಿಯೋನ್ ಲೂಥರನ್ ಸಭೆಯ ಶಾಲೆ ಇಂಥದ್ದು. ಸರ್ಕಾರದಿಂದ ಅದಕ್ಕೆ ಹಣ ಬರುತ್ತಿರಲಿಲ್ಲ. ಮುಂದೆ ನಡೆದುದನ್ನು ಅರ್ಥಮಾಡಿಕೊಳ್ಳಲು ಈ ಅಂಶ ಮುಖ್ಯ.

ಪ್ರಶ್ನೆ: ಜರ್ಮನ್ ಪಾಠ ಓದಿಸಿದ್ದಕ್ಕೆ ಒಬ್ಬ ಮೇಷ್ಟರಿಗೆ ದಂಡ ಹಾಕಿದರು ಎಂದು ಬರೆದಿದ್ದೀರಿ. ನಿಜವಾಗಿ ಆ ದಿನ ನಡೆದದ್ದೇನು? ಅಂಥ ಕಾನೂನು ಯಾಕೆ ಬಂತು?
— ತೀರ್ಥಹಳ್ಳಿ ಮತ್ತು ಚಾಮರಾಜನಗರದ ಓದುಗರು

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ನೆಬ್ರಾಸ್ಕದಲ್ಲಿ ಜರ್ಮನ್ ಭಾಷೆ ಅನುಮಾನದ ವಸ್ತುವಾಗಿರಲಿಲ್ಲ. ವಲಸಿಗರಲ್ಲಿ ಅವರದೇ ದೊಡ್ಡ ಗುಂಪು. 1913ರಲ್ಲಿ ರಾಜ್ಯದ ಶಾಸನಸಭೆ, ಪಟ್ಟಣದ ಶಾಲೆಗಳಲ್ಲಿ 50 ಮಕ್ಕಳ ಪೋಷಕರು ಕೇಳಿಕೊಂಡರೆ ಐರೋಪ್ಯ ಭಾಷೆಯೊಂದನ್ನು ಕಲಿಸಲೇಬೇಕೆಂದು ಕಾಯಿದೆ ಮಾಡಿತ್ತು. ಅದನ್ನು ಮಾಡಿಸಿದ್ದು ಹೆಚ್ಚಾಗಿ ಜರ್ಮನರ ಒತ್ತಾಯವೇ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಎಲ್ಲವೂ ತಿರುವುಮುರುವಾಯಿತು. ರಾಜ್ಯದ ರಕ್ಷಣಾ ಮಂಡಳಿ ಜರ್ಮನ್ ಪಾದ್ರಿಗಳ ಮತ್ತು ಶಾಲೆಗಳ ಮೇಲೆ ಕಣ್ಣಿಟ್ಟಿತು; ಗ್ರಂಥಾಲಯಗಳಿಂದ ಜರ್ಮನ್ ಪುಸ್ತಕಗಳು ಹೊರಬಿದ್ದವು; ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ತಮ್ಮ ದೇಶನಿಷ್ಠೆಯ ಬಗ್ಗೆ ವಿಚಾರಣೆಗೆ ನಿಲ್ಲಬೇಕಾಯಿತು. ನೆರೆಯ ಅಯೋವಾದ ಗವರ್ನರರು 1918ರ ಮೇ ತಿಂಗಳಲ್ಲಿ ಹೊರಡಿಸಿದ ಘೋಷಣೆಯಂತೂ, ಶಾಲೆಯಲ್ಲಿ ಮಾತ್ರವಲ್ಲದೆ ರೈಲಿನಲ್ಲಿ, ಟೆಲಿಫೋನಿನಲ್ಲಿ, ಪ್ರಾರ್ಥನೆಯ ಸಭೆಯಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದೆಂದಿತು. ಅದೇ ವರ್ಷ 1913ರ ಕಾಯಿದೆಯನ್ನು ನೆಬ್ರಾಸ್ಕ ರದ್ದುಮಾಡಿತು.

ಯುದ್ಧ ನಿಂತದ್ದು 1918ರ ನವೆಂಬರ್ 11ರಂದು. ನೆಬ್ರಾಸ್ಕದ ಭಾಷಾ ಕಾಯಿದೆ ಬಂದದ್ದು ಅದಾದ ಐದು ತಿಂಗಳ ಮೇಲೆ, 1919ರ ಏಪ್ರಿಲ್ 9ರಂದು. ಶತ್ರು ಸೋತ ಮೇಲೆ ಅವನ ಭಾಷೆಯ ಮೇಲೆ ನಿಷೇಧ ಬಂದದ್ದನ್ನು ಗಮನಿಸಬೇಕು. ಕಾಯಿದೆಯನ್ನು ತಂದ ಸೆನೆಟರರ ಹೆಸರಿನಿಂದ ಅದು ಸೈಮನ್ ಕಾಯಿದೆ ಎಂದು ಪರಿಚಿತ. ಸರ್ಕಾರಿ, ಖಾಸಗಿ, ಚರ್ಚಿನ ಶಾಲೆಗಳೆಂಬ ಭೇದವಿಲ್ಲದೆ ಯಾವ ಶಾಲೆಯಲ್ಲೂ ಇಂಗ್ಲಿಷ್ ಹೊರತಾದ ಭಾಷೆಯಲ್ಲಿ ಪಾಠ ಹೇಳಕೂಡದೆಂಬುದು ಅದರ ಮೊದಲ ಮಾತು. ಎರಡನೆಯದು ಇನ್ನೂ ಬಿಗಿಯಾದದ್ದು: ಎಂಟನೆಯ ತರಗತಿ ಪಾಸಾಗಿರುವುದಾಗಿ ಕೌಂಟಿಯ ಶಾಲಾ ಅಧೀಕ್ಷಕರ ಪ್ರಮಾಣಪತ್ರ ಇಲ್ಲದ ಮಗುವಿಗೆ ಬೇರೆ ಭಾಷೆಯನ್ನು ಒಂದು ವಿಷಯವಾಗಿ ಕೂಡ ಕಲಿಸುವಂತಿಲ್ಲ. ತಪ್ಪಿದರೆ 25ರಿಂದ 100 ಡಾಲರ್ ದಂಡ, ಇಲ್ಲವೇ 30 ದಿನದವರೆಗೆ ಜೈಲು. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳಿಗೆ ಇದು ಅನ್ವಯಿಸುವುದಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟು (ಅಲ್ಲಿ ರಾಜ್ಯಗಳಿಗೂ ಅವುಗಳದೇ ಸುಪ್ರೀಂ ಕೋರ್ಟುಗಳಿವೆ) ಆಮೇಲೆ ಅರ್ಥೈಸಿತು. ಅಂದರೆ, ಯಾರ ಮನೆಯಲ್ಲೂ ಆಡದ ಭಾಷೆಗೆ ಅಡ್ಡಿಯಿರಲಿಲ್ಲ. ಇಂಥದೇ ಕಾಯಿದೆಗಳು ಆ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಬಂದಿದ್ದವು.

ಲೂಥರನ್ ಸಭೆಗಳು ಮೊದಲ ಸುತ್ತಿನಲ್ಲಿ ಕೋರ್ಟಿಗೆ ಹೋಗಿ ಸೋತವು. ಆದರೆ ಆ ತೀರ್ಪಿನಲ್ಲಿ ಒಂದು ಸಣ್ಣ ಕಿಂಡಿ ತೆರೆದಿತ್ತು: ಶಾಲೆಯ ನಿಗದಿತ ವೇಳೆಯ ಹೊರಗೆ ಭಾಷೆ ಕಲಿಸುವುದಕ್ಕೆ ಕಾಯಿದೆ ಅಡ್ಡಿಪಡಿಸುವುದಿಲ್ಲ ಎಂದು ನ್ಯಾಯಾಧೀಶರು ಹೇಳಿದ್ದರು. ಹ್ಯಾಂಪ್ಟನ್ ಶಾಲೆಯವರು ಹಿಡಿದದ್ದು ಈ ಮಾತನ್ನು. ಮಧ್ಯಾಹ್ನದ ಬಿಡುವನ್ನು ಅರ್ಧ ಗಂಟೆ ಹಿಗ್ಗಿಸಿದರು. ಒಂದು ಗಂಟೆಗೆ ಬದಲು ಒಂದೂವರೆಗೆ ಶಾಲೆ ಮತ್ತೆ ಸೇರುವುದು, ನಡುವಿನ ಆ ಅರ್ಧ ಗಂಟೆ ಶಾಲೆಯ ವೇಳೆಯಲ್ಲ, ಬಿಡುವಿನ ವೇಳೆ. ಆ ಹೊತ್ತಿನಲ್ಲಿ ಮೇಷ್ಟರು ಜರ್ಮನ್ ಓದಿಸುವುದು. ಉಳಿದ ದಿನವೆಲ್ಲ ಪಾಠ ಇಂಗ್ಲಿಷಿನಲ್ಲೇ. ಮನೆಯಲ್ಲಿ ತಂದೆತಾಯಿಗಳ ಪ್ರಾರ್ಥನೆಯಲ್ಲೂ ಚರ್ಚಿನ ಆರಾಧನೆಯಲ್ಲೂ ಮಕ್ಕಳು ಸೇರಿಕೊಳ್ಳುವಷ್ಟು ಜರ್ಮನ್ ಬರಲಿ ಎಂಬುದಷ್ಟೇ ಸಭೆಯವರ ಉದ್ದೇಶವಾಗಿತ್ತೆಂದು ಸಾಕ್ಷ್ಯದಲ್ಲಿ ಬಂದಿದೆ.

1920ರ ಮೇ 25ರಂದು ಆ ಅರ್ಧ ಗಂಟೆಯಲ್ಲಿ ಕೌಂಟಿಯ ಸರ್ಕಾರಿ ವಕೀಲರು ಶಾಲೆಗೆ ಬಂದರು. ಶಿಕ್ಷಕ ರಾಬರ್ಟ್ ಮೆಯರ್ ಅವರ ಮುಂದೆ ಹತ್ತು ವರ್ಷದ ಹುಡುಗನೊಬ್ಬ ಬೈಬಲ್ ಕಥೆಗಳ ಜರ್ಮನ್ ಪುಸ್ತಕವನ್ನು ತೆರೆದುಕೊಂಡಿದ್ದ. ಭೂಮಿಯಿಂದ ಸ್ವರ್ಗಕ್ಕೆ ಚಾಚಿದ ಏಣಿಯನ್ನು ಯಾಕೋಬನು ಕನಸಿನಲ್ಲಿ ಕಂಡ ಕಥೆಯನ್ನು ಅವನು ಓದುತ್ತಿದ್ದನೆಂದು ಹೇಳುತ್ತಾರೆ. ಮೆಯರ್ ತಮ್ಮ ವಕೀಲರಿಗೆ ಆಮೇಲೆ ಹೇಳಿದ ಮಾತು ದಾಖಲಾಗಿದೆ. ಹೊರಗೆ ನಿಂತವರು ಯಾರೆಂದು ಅವರಿಗೆ ಗೊತ್ತಿತ್ತು. ಇಂಗ್ಲಿಷಿಗೆ ಹೊರಳಿದರೆ ಏನೂ ಆಗುವುದಿಲ್ಲ, ಜರ್ಮನಿನಲ್ಲೇ ಮುಂದುವರಿದರೆ ಬಂಧನವೆಂಬುದೂ ಗೊತ್ತಿತ್ತು. ಹಿಂಜರಿಯಬಾರದೆಂದು ತಮಗೆ ತಾವೇ ಹೇಳಿಕೊಂಡು ಜರ್ಮನಿನಲ್ಲೇ ಮುಂದುವರಿದರು. ಕೌಂಟಿಯ ಕೋರ್ಟು 25 ಡಾಲರ್ ದಂಡ ವಿಧಿಸಿತು. ಕಟ್ಟಿ ಮುಗಿಸಬಹುದಾಗಿದ್ದ ಹಣ. ಅವರು ಕಟ್ಟದೆ ಮೇಲ್ಮನವಿ ಹೋದರು.

ಕೋರ್ಟಿನ ಮುಂದೆ ಬಂದಾಗ ಆ ಬಿಡುವಿನ ವೇಳೆಯ ಉಪಾಯ ನಿಲ್ಲಲಿಲ್ಲ. ಅದು ಹೆಸರಿಗೆ ಬಿಡುವಾದರೂ ವಾಸ್ತವದಲ್ಲಿ ಶಾಲೆಯ ಭಾಗವೇ ಎಂದು ರಾಜ್ಯದ ಸುಪ್ರೀಂ ಕೋರ್ಟು 1922ರ ಫೆಬ್ರುವರಿಯಲ್ಲಿ ಹೇಳಿತು. ನನಗೂ ಆ ಮಟ್ಟಿಗೆ ಕೋರ್ಟು ಹೇಳಿದ್ದು ಸರಿಯೆಂದೇ ತೋರುತ್ತದೆ. ಆದರೆ ಅದು ಅಷ್ಟಕ್ಕೇ ನಿಲ್ಲದೆ, ಪರದೇಶದಿಂದ ಬಂದವರು ತಮ್ಮ ಮಕ್ಕಳನ್ನು ತಮ್ಮ ನಾಡಿನ ಭಾಷೆಯಲ್ಲಿ ಬೆಳೆಸಿದರೆ ಆ ಮಕ್ಕಳ ಮನಸ್ಸಿನಲ್ಲಿ ಈ ದೇಶಕ್ಕೆ ಹೊರತಾದ ಭಾವನೆಗಳು ಬೇರೂರಿ ದೇಶದ ಭದ್ರತೆಗೇ ಕೇಡಾಗುತ್ತದೆ ಎಂಬ ಶಾಸನಸಭೆಯ ನಂಬಿಕೆಯನ್ನು ಎತ್ತಿಹಿಡಿಯಿತು. ಇಬ್ಬರು ನ್ಯಾಯಾಧೀಶರು ಒಪ್ಪಲಿಲ್ಲ.

ಪ್ರಶ್ನೆ: ಕಾನೂನು ವಿದ್ಯಾರ್ಥಿನಿಯಾಗಿ ಕೇಳುತ್ತಿದ್ದೇನೆ. ಅಮೆರಿಕದ ಸುಪ್ರೀಂ ಕೋರ್ಟು ಯಾವ ಆಧಾರದ ಮೇಲೆ ಮೆಯರ್ ಪರ ತೀರ್ಪು ಕೊಟ್ಟಿತು? ಅದು ಭಾಷಾ ಹಕ್ಕಿನ ತೀರ್ಪು ಎನ್ನಬಹುದೇ?
— ಮೈಸೂರಿನ ಓದುಗರು

ಉತ್ತರ: ಎನ್ನಲಾಗದು ಎಂಬುದು ನನ್ನ ಅಭಿಪ್ರಾಯ. ಅದನ್ನು ಭಾಷಾ ಹಕ್ಕಿನ ತೀರ್ಪೆಂದು ಭಾವಿಸುವುದೇ ಈ ಪ್ರಕರಣದ ಬಗ್ಗೆ ಜನಪ್ರಿಯವಾಗಿರುವ ತಪ್ಪುಕಲ್ಪನೆ. ಮೆಯರ್ ವಿರುದ್ಧ ನೆಬ್ರಾಸ್ಕ ಎಂದು ಪ್ರಸಿದ್ಧವಾದ ಈ ಪ್ರಕರಣದ ವಾದ ನಡೆದದ್ದು 1923ರ ಫೆಬ್ರುವರಿ 23ರಂದು, ತೀರ್ಪು ಬಂದದ್ದು ಜೂನ್ 4ರಂದು. ಮೆಯರ್ ಪರವಾಗಿ ವಾದಿಸಿದ ಒಮಾಹಾದ ಆರ್ಥರ್ ಮುಲ್ಲನ್ ಜರ್ಮನರೂ ಅಲ್ಲ, ಲೂಥರನ್ನರೂ ಅಲ್ಲ. ಐರಿಷ್ ಮೂಲದ ಕ್ಯಾಥೋಲಿಕರು. ಅವರ ಚಿಂತೆಗೆ ಬೇರೊಂದು ಕಾರಣವಿತ್ತು. 1922ರ ನವೆಂಬರಿನಲ್ಲಿ ಆರೆಗನ್ ರಾಜ್ಯದ ಮತದಾರರು, ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾಯಿದೆಗೆ ಒಪ್ಪಿಗೆ ಕೊಟ್ಟಿದ್ದರು. ಅದು ಉಳಿದರೆ ಕ್ಯಾಥೋಲಿಕ್ ಶಾಲೆಗಳು ಮುಚ್ಚಬೇಕಾಗುತ್ತಿತ್ತು. ಹ್ಯಾಂಪ್ಟನ್ ಪ್ರಕರಣದಲ್ಲಿ ಬರುವ ಮಾತು ಆರೆಗನ್ನಿಗೂ ಅನ್ವಯಿಸುತ್ತದೆಂದು ಅವರು ಸರಿಯಾಗಿಯೇ ಊಹಿಸಿದ್ದರು.

ತೀರ್ಪು ಏಳಕ್ಕೆ ಎರಡು ಮತಗಳದು. ಬರೆದವರು ನ್ಯಾಯಮೂರ್ತಿ ಜೇಮ್ಸ್ ಮೆಕ್‌ರೆನಾಲ್ಡ್ಸ್. ತನ್ನ ಸಹೋದ್ಯೋಗಿ ಬ್ರಾಂಡೈಸ್ ಯೆಹೂದಿ ಎಂಬ ಕಾರಣಕ್ಕೆ ಅವರೊಡನೆ ಮಾತನ್ನೇ ಬಿಟ್ಟಿದ್ದ, ಪೂರ್ವಗ್ರಹಗಳಿಗೆ ಕುಪ್ರಸಿದ್ಧನಾದ ವ್ಯಕ್ತಿ ಇಂಥ ತೀರ್ಪನ್ನು ಬರೆದರೆಂಬುದು ವಿಚಿತ್ರವಾದರೂ ನಿಜ. ಅವರು ಆಧರಿಸಿದ್ದು, ಕಾನೂನಿನ ಸರಿಯಾದ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ರಾಜ್ಯಗಳು ಕಸಿಯಬಾರದೆನ್ನುವ ಸಂವಿಧಾನದ 14ನೆಯ ತಿದ್ದುಪಡಿಯಲ್ಲಿರುವ ಸ್ವಾತಂತ್ರ್ಯ ಎಂಬ ಪದವನ್ನು. ಸ್ವಾತಂತ್ರ್ಯವೆಂದರೆ ಸೆರೆಯಲ್ಲಿಲ್ಲದಿರುವುದು ಮಾತ್ರವಲ್ಲ; ಕರಾರು ಮಾಡಿಕೊಳ್ಳುವುದು, ಬದುಕಿನ ಸಾಮಾನ್ಯ ಕಸುಬುಗಳಲ್ಲಿ ಯಾವುದಾದರೂ ಒಂದನ್ನು ಮಾಡುವುದು, ಉಪಯುಕ್ತ ಜ್ಞಾನವನ್ನು ಪಡೆಯುವುದು, ಮದುವೆಯಾಗಿ ಮನೆ ಹೂಡಿ ಮಕ್ಕಳನ್ನು ಬೆಳೆಸುವುದು, ತನ್ನ ಮನಸ್ಸಾಕ್ಷಿಯಂತೆ ದೇವರನ್ನು ಪೂಜಿಸುವುದು, ಇವೆಲ್ಲವೂ ಅದರಲ್ಲಿ ಸೇರಿವೆ ಎಂದರು. ಜರ್ಮನ್ ಕಲಿಸುವುದು ಮೆಯರ್ ಅವರ ಕಸುಬು. ಅದನ್ನು ಕಲಿಸಲು ಅವರನ್ನು ಗೊತ್ತುಮಾಡುವುದು ತಂದೆತಾಯಿಗಳ ಹಕ್ಕು. ಒಂದು ಭಾಷೆಯ ತಿಳಿವಳಿಕೆಯಷ್ಟರಿಂದಲೇ ಮಗುವಿಗೆ ಕೇಡಾಗುತ್ತದೆಂದು ಯಾರೂ ಹೇಳಲಾರರು, ಅಲ್ಲದೆ ಎಳೆಯ ವಯಸ್ಸಿನಲ್ಲಿ ಕಲಿಯದಿದ್ದರೆ ಪರಭಾಷೆ ಚೆನ್ನಾಗಿ ಒಲಿಯುವುದು ಅಪರೂಪ ಎಂದರು. ಮಕ್ಕಳು ಯಾರಿಗೆ ಹುಟ್ಟಿದವರೆಂದೇ ತಿಳಿಯದಂತೆ ಬೆಳೆಸಬೇಕೆಂದ ಪ್ಲೇಟೋನ ಆದರ್ಶ ರಾಜ್ಯವನ್ನೂ, ಏಳು ವರ್ಷಕ್ಕೇ ಗಂಡುಮಕ್ಕಳನ್ನು ಬಿಡಾರಕ್ಕೆ ಒಯ್ಯುತ್ತಿದ್ದ ಸ್ಪಾರ್ಟಾವನ್ನೂ ನೆನೆದು, ಅಂಥ ವ್ಯವಸ್ಥೆಗಳ ಹಿಂದಿನ ಭಾವನೆಗೂ ಅಮೆರಿಕದ ಸಂವಿಧಾನದ ಭಾವನೆಗೂ ಸಂಬಂಧವಿಲ್ಲವೆಂದರು. ಸಂವಿಧಾನದ ರಕ್ಷಣೆ ಇಂಗ್ಲಿಷನ್ನು ನಾಲಗೆಯ ಮೇಲೆ ಹೊತ್ತೇ ಹುಟ್ಟಿದವರಿಗೆ ಇರುವಂತೆ ಬೇರೆ ಭಾಷೆ ಆಡುವವರಿಗೂ ಇದೆ ಎಂಬ ಮಾತೂ ತೀರ್ಪಿನಲ್ಲಿದೆ.

ಈಗ ನಿಮ್ಮ ಪ್ರಶ್ನೆಯ ಒಳಗಿನ ಪ್ರಶ್ನೆ. ಇಷ್ಟನ್ನೂ ಹೇಳಿದ ತೀರ್ಪು, ಎಲ್ಲ ಶಾಲೆಗಳೂ ಇಂಗ್ಲಿಷಿನಲ್ಲಿ ಪಾಠ ಹೇಳಬೇಕೆಂದು ನಿಯಮ ಮಾಡುವ ರಾಜ್ಯದ ಅಧಿಕಾರವನ್ನು ಯಾರೂ ಪ್ರಶ್ನಿಸಿಲ್ಲವೆಂದೂ ಸ್ಪಷ್ಟವಾಗಿ ನಮೂದಿಸಿದೆ. ಗೆದ್ದದ್ದು ಶಿಕ್ಷಕನ ಕಸುಬು ಮತ್ತು ಪೋಷಕರ ಆಯ್ಕೆ. ಜರ್ಮನ್ ಭಾಷೆಗೆ ಭಾಷೆಯೆಂಬ ನೆಲೆಯಲ್ಲಿ ಯಾವ ಹಕ್ಕೂ ಸಿಗಲಿಲ್ಲ. ಕಸುಬಿನ ಮತ್ತು ಕರಾರಿನ ಸ್ವಾತಂತ್ರ್ಯವೆಂಬ ಇದೇ ತರ್ಕವನ್ನು ಹಿಡಿದು, ಇದೇ ಕೋರ್ಟು ಅದೇ 1923ರ ಏಪ್ರಿಲ್‌ನಲ್ಲಿ ರಾಜಧಾನಿ ವಾಷಿಂಗ್ಟನ್ನಿನ ದುಡಿಯುವ ಹೆಂಗಸರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ್ದ ಕಾನೂನನ್ನು ಹೊಡೆದುಹಾಕಿತ್ತು. ಕೂಲಿಯ ತೀರ್ಪು 1937ರಲ್ಲಿ ಬಿದ್ದುಹೋಯಿತು. ಹ್ಯಾಂಪ್ಟನ್ ತೀರ್ಪು ಉಳಿಯಿತು.

ಭಿನ್ನಮತ ಬರೆದವರು ಆಲಿವರ್ ವೆಂಡೆಲ್ ಹೋಮ್ಸ್, ವಾಕ್‌ಸ್ವಾತಂತ್ರ್ಯದ ಪರ ನಿಂತದ್ದಕ್ಕಾಗಿ ನಮ್ಮ ಕಾನೂನು ಕಾಲೇಜುಗಳಲ್ಲೂ ಓದುವ ಅದೇ ಹೋಮ್ಸ್. ಮನೆಯಲ್ಲಿ ಮತ್ತೊಂದು ಭಾಷೆಯನ್ನೇ ಕೇಳುವ ಮಗು ಶಾಲೆಯಲ್ಲಾದರೂ ಇಂಗ್ಲಿಷನ್ನೇ ಕೇಳಲಿ, ಆಡಲಿ ಎಂಬುದು ವಿವೇಕಿಗಳು ಭಿನ್ನಾಭಿಪ್ರಾಯ ಹೊಂದಬಹುದಾದ ವಿಷಯ, ಅಂಥಲ್ಲಿ ರಾಜ್ಯದ ಪ್ರಯೋಗಕ್ಕೆ ಕೋರ್ಟು ಅಡ್ಡ ಬರಬಾರದು ಎಂಬುದು ಅವರ ನಿಲುವು. ಇನ್ನೊಬ್ಬ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಈ ಭಿನ್ನಮತದಲ್ಲಿ ಹೋಮ್ಸ್ ಜೊತೆ ಸೇರಿದರು. ಕನಿಷ್ಠ ಕೂಲಿಯ ತೀರ್ಪನ್ನು ಬರೆದದ್ದು ಇದೇ ಸದರ್‌ಲ್ಯಾಂಡ್. ಅಯೋವಾ ಮತ್ತು ಓಹಾಯೋ ರಾಜ್ಯಗಳ ಇಂಥವೇ ಕಾಯಿದೆಗಳಡಿಯ ಶಿಕ್ಷೆಗಳೂ ಅದೇ ದಿನ ರದ್ದಾದವು. 1925ರಲ್ಲಿ ಆರೆಗನ್ ಕಾಯಿದೆಯೂ, ಮುಲ್ಲನ್ ಎಣಿಸಿದ್ದಂತೆ, ಹ್ಯಾಂಪ್ಟನ್ ತೀರ್ಪಿನ ಬಲದಿಂದಲೇ ಬಿತ್ತು. ಗರ್ಭನಿರೋಧಕಗಳ ಬಳಕೆಯನ್ನು ಕುರಿತ 1965ರ ಗ್ರಿಸ್‌ವೋಲ್ಡ್ ತೀರ್ಪಿನಲ್ಲೂ ಕೋರ್ಟು ಈ ಪ್ರಕರಣವನ್ನು ಉದ್ಧರಿಸಿತು. ಜೋಳದ ಹೊಲಗಳ ನಡುವಿನ ಶಾಲೆಯೊಂದರ ಬೈಬಲ್ ಪಾಠ ಹೀಗೆ ಖಾಸಗಿತನದ ಹಕ್ಕಿನ ಚರ್ಚೆಗೆ ಬುನಾದಿಯಾದದ್ದು ಅಲ್ಲಿನ ಸಭೆಯವರ ಊಹೆಗೂ ನಿಲುಕದ ಸಂಗತಿ. ಮೂಲ ತೀರ್ಪು ಚಿಕ್ಕದು, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಸಾರಾಂಶಗಳನ್ನು ನಂಬದೆ ಅದನ್ನೇ ಓದಿ ಎಂದು ನಿಮಗೆ ವಿಶೇಷವಾಗಿ ಹೇಳುತ್ತೇನೆ.

ಪ್ರಶ್ನೆ: ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡಲಾಗದೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದಕ್ಕೂ ಈ ಪ್ರಕರಣಕ್ಕೂ ಹೋಲಿಕೆ ಇದೆಯೇ? ಅಲ್ಲಿ ಮಾತೃಭಾಷೆ ಗೆದ್ದಿತು, ಇಲ್ಲಿ ಸೋತಿತು ಎನ್ನಬಹುದೇ?
— ಬೆಳಗಾವಿಯ ಓದುಗರು

ಉತ್ತರ: ಹೋಲಿಕೆ ಇದೆ, ಆದರೆ ನೀವು ಹೇಳಿದ ಜಾಗದಲ್ಲಿ ಅಲ್ಲ. 1994ರ ಏಪ್ರಿಲ್ 29ರ ಭಾಷಾ ನೀತಿಯ ಆದೇಶದಲ್ಲಿ ಕರ್ನಾಟಕ ಸರ್ಕಾರ, ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಬೋಧನೆ ನಡೆಯಬೇಕೆಂದಿತು. ಅನುದಾನರಹಿತ ಶಾಲೆಗಳಿಗೆ ಇದನ್ನು ಅನ್ವಯಿಸುವುದನ್ನು 2008ರಲ್ಲಿ ಹೈಕೋರ್ಟು ತಳ್ಳಿಹಾಕಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಪೋಷಕರು, ಬೋಧನಾ ಮಾಧ್ಯಮದ ಆಯ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಶಾಲೆ ನಡೆಸುವವರಿಗೆ ವೃತ್ತಿ ಸ್ವಾತಂತ್ರ್ಯವಿದೆ ಎಂಬುದು ಅದರ ಸಾರ. ಪೋಷಕರ ಆಯ್ಕೆ ಮತ್ತು ವೃತ್ತಿಯ ಸ್ವಾತಂತ್ರ್ಯ ಎಂಬ ಎರಡು ಕಂಬಗಳು ಎರಡೂ ಕಡೆ ಒಂದೇ. ಅಲ್ಲಿ ಆ ಕಂಬಗಳು ಮನೆಯ ಭಾಷೆಗೆ ಆಸರೆಯಾದವು, ಇಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ.

ಆದರೆ ಎರಡರ ನಡುವಿನ ಅಂತರ ಇದಕ್ಕಿಂತ ದೊಡ್ಡದು. ನೆಬ್ರಾಸ್ಕ ಒಂದು ಭಾಷೆಯನ್ನು ವಿಷಯವಾಗಿ ಕಲಿಸುವುದನ್ನೇ ಅಪರಾಧ ಮಾಡಿತ್ತು. ಕರ್ನಾಟಕದ ಆದೇಶ ಬೋಧನಾ ಮಾಧ್ಯಮವನ್ನು ಗೊತ್ತುಪಡಿಸಿತ್ತು, ಇಂಗ್ಲಿಷ್ ಕಲಿಸಿದವರನ್ನು ಜೈಲಿಗೆ ಹಾಕುವ ಮಾತು ಅಲ್ಲಿರಲಿಲ್ಲ. ಮಾಧ್ಯಮವನ್ನು ಗೊತ್ತುಪಡಿಸುವ ರಾಜ್ಯದ ಅಧಿಕಾರವನ್ನು ಹ್ಯಾಂಪ್ಟನ್ ತೀರ್ಪು ಮುಟ್ಟಲೇ ಇಲ್ಲವೆಂಬುದನ್ನು ಮೇಲೆ ಹೇಳಿದ್ದೇನೆ. ಆದ್ದರಿಂದ ಇಂಗ್ಲಿಷ್ ಮಾಧ್ಯಮದ ಪರ ವಾದಿಸುವವರಿಗೂ ಮಾತೃಭಾಷಾ ಮಾಧ್ಯಮದ ಪರ ವಾದಿಸುವವರಿಗೂ ಆ ತೀರ್ಪಿನಿಂದ ಸಿಗುವ ನೆರವು ಅವರು ಭಾವಿಸುವುದಕ್ಕಿಂತ ಕಡಿಮೆ.

ಪ್ರಶ್ನೆ: ಗೆದ್ದ ಮೇಲೆ ಜರ್ಮನ್ ಉಳಿಯಿತೇ?
— ಪುತ್ತೂರಿನ ಓದುಗರು

ಉತ್ತರ: ಉಳಿಯಲಿಲ್ಲ. ಪ್ರಕರಣ ಕೋರ್ಟಿನಲ್ಲಿದ್ದಾಗಲೇ ನೆಬ್ರಾಸ್ಕ 1920ರಲ್ಲಿ ತನ್ನ ಸಂವಿಧಾನವನ್ನು ತಿದ್ದಿ ಇಂಗ್ಲಿಷನ್ನು ರಾಜ್ಯದ ಅಧಿಕೃತ ಭಾಷೆಯಾಗಿ ಘೋಷಿಸಿತ್ತು, 1921ರಲ್ಲಿ ಸೈಮನ್ ಕಾಯಿದೆಯ ಬದಲು ಇನ್ನೊಂದು ಬಿಗಿಯಾದ ಕಾಯಿದೆಯನ್ನು ತಂದಿತ್ತು. 1923ರ ತೀರ್ಪು ನಿಷೇಧವನ್ನು ಅಳಿಸಿತೇ ಹೊರತು ಆರು ವರ್ಷಗಳ ಅಂಜಿಕೆಯನ್ನು ಅಳಿಸಲಿಲ್ಲ. ಅನೇಕ ಮನೆಗಳಲ್ಲಿ ಅಷ್ಟರಲ್ಲಾಗಲೇ ಮಕ್ಕಳೊಡನೆ ಇಂಗ್ಲಿಷ್ ಆಡುವ ರೂಢಿ ಬಂದಿತ್ತು. 1924ರ ವಲಸೆ ಕಾಯಿದೆಯಿಂದ ಯುರೋಪಿನಿಂದ ಬರುವವರ ಸಂಖ್ಯೆ ಕುಗ್ಗಿ, ಊರಿಗೆ ಹೊಸದಾಗಿ ಜರ್ಮನ್ ತರುವವರೂ ಕಡಿಮೆಯಾದರು. ಮುಂದಿನ ಎರಡು ದಶಕಗಳಲ್ಲಿ ಮಿಸೂರಿ ಸಿನಡ್‌ನ ಸಭೆಗಳು ಒಂದೊಂದಾಗಿ ಆರಾಧನೆಯನ್ನೇ ಇಂಗ್ಲಿಷಿಗೆ ಬದಲಿಸಿಕೊಂಡವು. ಎರಡನೆಯ ಮಹಾಯುದ್ಧ ಉಳಿದದ್ದನ್ನು ಮುಗಿಸಿತು. ಚರ್ಚಿನ ಜರ್ಮನ್ ಹೋದ ಮೇಲೆ ಚರ್ಚಿಗಾಗಿ ಜರ್ಮನ್ ಕಲಿಸುವ ಅರ್ಧ ಗಂಟೆಗೆ ಕಾರಣವೇ ಇರಲಿಲ್ಲ. ಕಾನೂನಿನ ಒತ್ತಡವಿಲ್ಲದಿದ್ದರೂ ಮೂರನೆಯ ತಲೆಮಾರಿಗೆ ಇಂಗ್ಲಿಷ್ ಬಂದೇ ಬರುತ್ತಿತ್ತೆಂದು ವಾದಿಸುವವರಿದ್ದಾರೆ. ಅದು ಬಹುಮಟ್ಟಿಗೆ ನಿಜವಿರಬಹುದು. ಆದರೆ ತಾನಾಗಿ ಆಗುತ್ತಿದ್ದ ಕೆಲಸಕ್ಕೆ ಶಿಕ್ಷೆಯ ಭಯ ಯಾಕೆ ಬೇಕಾಯಿತೆಂಬ ಪ್ರಶ್ನೆ ಆಗ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಕನ್ನಡ ಕೂಟದ ವಾರಾಂತ್ಯದ ತರಗತಿಗೆ ಮಗಳನ್ನು ಕಳಿಸುತ್ತೇವೆ. ಇಂಥ ತರಗತಿ ನಡೆಸಲು ಸರ್ಕಾರದ ಅನುಮತಿ ಬೇಕಿಲ್ಲವೆನ್ನುತ್ತಾರೆ. ಅದಕ್ಕೂ ಹ್ಯಾಂಪ್ಟನ್ ಪ್ರಕರಣಕ್ಕೂ ಸಂಬಂಧವಿದೆಯೇ?
— ನ್ಯೂಜೆರ್ಸಿಯ ಓದುಗರು

ಉತ್ತರ: ನೇರ ಸಂಬಂಧವೇ ಇದೆ. ಮಕ್ಕಳಿಗೆ ಮನೆಯ ಭಾಷೆಯನ್ನು ಕಲಿಸುವ ತರಗತಿಯನ್ನು ನಿಷೇಧಿಸಲು ಅಲ್ಲಿನ ಯಾವ ರಾಜ್ಯಕ್ಕೂ ಬಾರದಂತೆ ಮಾಡಿದ ಮೊದಲ ತೀರ್ಪು ಅದು. ಹವಾಯಿಯಲ್ಲಿ ಜಪಾನಿ ಮೂಲದವರು ನಡೆಸುತ್ತಿದ್ದ ಭಾಷಾ ಶಾಲೆಗಳ ಮೇಲೆ ಪರವಾನಗಿ, ಶುಲ್ಕ, ಸಮಯ, ಪಠ್ಯಪುಸ್ತಕ ಎಂದು ಹತ್ತೆಂಟು ನಿರ್ಬಂಧಗಳನ್ನು ಹೇರಿದ್ದ ಕಾನೂನನ್ನು 1927ರಲ್ಲಿ ಸುಪ್ರೀಂ ಕೋರ್ಟು ತಡೆದದ್ದೂ ಇದನ್ನೇ ಆಧರಿಸಿ. ನಿಮ್ಮ ಮಗಳ ತರಗತಿಗೆ ಹ್ಯಾಂಪ್ಟನ್ನಿಗಿಂತಲೂ ಹತ್ತಿರದ ಪೂರ್ವಜ ಆ ಹವಾಯಿ ಶಾಲೆಗಳೇ. ಶಾಲೆಯ ಹೊರಗೆ ಕಲಿತ ಭಾಷೆಗೆ ಪ್ರೌಢಶಾಲೆಯ ಹಂತದಲ್ಲಿ ಕ್ರೆಡಿಟ್ ಕೊಡುವ ಏರ್ಪಾಡು ಕೆಲವು ಶಾಲಾ ಡಿಸ್ಟ್ರಿಕ್ಟುಗಳಲ್ಲಿದೆ. ನಿಯಮಗಳು ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ಬೇರೆಯಾಗುವುದರಿಂದ, ಮಗಳು ಒಂಬತ್ತನೆಯ ತರಗತಿಗೆ ಹೋಗುವ ಮುಂಚೆಯೇ ನಿಮ್ಮ ಶಾಲೆಯ ಸಲಹೆಗಾರರನ್ನು ಕೇಳಿ ತಿಳಿದುಕೊಳ್ಳಿ.